ವೆಂಕಟಾಚಲನ ಕಾರಿನ ದೀಪ ದೊಡ್ಡದಾಯಿತು

ಮಾಘದ ಚಳಿಗೆ ಬೆಂಗಳೂರಿನಲ್ಲಿ ಮನುಷ್ಯರು ಮಫ್ಲರ್ ಸುತ್ತಿಕೊಳ್ಳುವುದು ಉಂಟು, ಎಮ್ಮೆಗಳಿಗೆ ಗೋಣಿತಾಟು ಹೊದಿಸುವುದೂ ಉಂಟು. ಆದರೆ ಕಾರಿನ ಹಿಂಭಾಗಕ್ಕೆ ಉಣ್ಣೆಯ ಮಫ್ಲರ್ ಸುತ್ತಿ, ಬೆಳಗಾಗುತ್ತಲೇ ಬಂದು ಅದರ ಗಂಟು ಬಿಚ್ಚಿ, ಕೆಂಪು ದೀಪದ ಗಾಜಿಗೆ ಬಾಯಿಂದ ಬಿಸಿಯುಸಿರು ಊದುತ್ತಿದ್ದವನು ಇಡೀ ಪಟ್ಟಣದಲ್ಲಿ ವೆಂಕಟಾಚಲ ಒಬ್ಬನೇ.

ವಿಮಾ ಕಚೇರಿಯ ಗುಮಾಸ್ತ ವೆಂಕಟಾಚಲನಿಗೆ ಕಾರು ಬೇಕಾಗಿರಲಿಲ್ಲ. ಬಸ್ಸು ಮನೆಯ ಹತ್ತಿರವೇ ನಿಲ್ಲುತ್ತಿತ್ತು. ಆದರೆ ರಿಚರ್ಡ್ಸ್ ಟೌನಿನ ಮುದಿ ದೊರೆಸಾನಿಯೊಬ್ಬಳು ಆಸ್ಟ್ರೇಲಿಯಾಕ್ಕೆ ಹೊರಡುವ ಅವಸರದಲ್ಲಿ, ಬೆಕ್ಕಿನ ಮರಿ ಸಾಕಲು ಕೊಟ್ಟಹಾಗೆ ತನ್ನ ಹಳೇ ಕಾರನ್ನು ಕೊಡುತ್ತೇನೆಂದಾಗ, ಬೇಡ ಅನ್ನುವಷ್ಟು ದೊಡ್ಡ ಮನುಷ್ಯ ಅವನಾಗಿರಲಿಲ್ಲ. ಇಂದಿರಾನಗರದಲ್ಲಿ ಆಗಿನ್ನೂ ರಾಗಿ ಹೊಲಕ್ಕೂ ಸೈಟಿಗೂ ಜಗಳ ನಡೆಯುತ್ತಿದ್ದ ಕಾಲ. ಮುನಿಆಂಜನಪ್ಪನ ವಠಾರದ ಮುಂದೆ, ಅವನ ಎಮ್ಮೆಗಳ ಪಕ್ಕದಲ್ಲಿ, ಕಾರು ಬಂದು ನಿಂತಿತು. ಆವತ್ತಿನಿಂದ ವೆಂಕಟಾಚಲ ಕೊತ್ತಂಬರಿ ಸೊಪ್ಪು ತರಲು ನಡೆದು ಹೋದರೂ ಕಾರಿನ ಕೀಲಿಕೈಯನ್ನು ಬೆರಳಿನಲ್ಲಿ ತಿರುಗಿಸುತ್ತ ಹೋಗತೊಡಗಿದ. ಬೀದಿಯ ಜನ ಎದುರಿಗೆ ‘ಓನರ್ ಸಾಹೇಬರು’ ಅಂದರು, ಬೆನ್ನ ಹಿಂದೆ ಬೇರೆ ಏನೇನೋ ಅಂದರು. ಹೊಟ್ಟೆಕಿಚ್ಚಿಲ್ಲದ ಬೀದಿಯನ್ನು ಯಾವ ಮುನಿಸಿಪಾಲಿಟಿಯೂ ಇದುವರೆಗೆ ಕಟ್ಟಿಸಿಲ್ಲ.

ಕಾಯಿಲೆ ಮೊದಲು ಬಯಲಾದದ್ದು ಹಲಸೂರು ಮಾರ್ಕೆಟ್ಟಿನ ಹತ್ತಿರ. ಬೆಳಗಿನ ಮಂಜಿನಲ್ಲಿ ಕೈಗಾಡಿಯೊಂದು ಅಡ್ಡ ಬಂತು, ವೆಂಕಟಾಚಲ ಬ್ರೇಕ್ ಒತ್ತಿದ, ಹಿಂದೆ ಬರುತ್ತಿದ್ದ ಜಟಕಾದ ಕುದುರೆ ಕಾರಿನ ಹಿಂಗಾಜಿಗೆ ಮುತ್ತಿಟ್ಟಿತು. ಜಟಕಾದವನು ಇಳಿದು ಬಂದು ತನ್ನ ತಮಿಳಿನಲ್ಲಿ, ‘ಎರಿಯಲೆ ಸಾರ್, ಪಿನ್ನಾಡಿ ಎರಿಯಲೆ’ ಅಂದ. ಹಿಂದಿನ ದೀಪ ಉರಿಯುತ್ತಿಲ್ಲ ಎಂದು ಆ ಬಡಪಾಯಿ ಹೇಳಿದ್ದು. ನಿನ್ನ ಹಿಂದೆ ಉರಿಯಲಿ ಎಂದು ಶಾಪ ಹಾಕುತ್ತಿದ್ದಾನೆಂದು ವೆಂಕಟಾಚಲ ತಿಳಿದ. ‘ನಿಂದೇ ಉರೀಲಿ, ನಿಮ್ಮಪ್ಪಂದೂ ಉರೀಲಿ’ ಎಂದು ತಿರುಗಿ ಕೊಟ್ಟ. ಜನ ಸೇರಿದರು. ಕೊನೆಗೆ ಎರಡೂ ಭಾಷೆ ಬಲ್ಲ ಕಾನ್‌ಸ್ಟೇಬಲೊಬ್ಬ ಬಂದು, ಇಬ್ಬರನ್ನೂ ಎರಡೂ ಭಾಷೆಯಲ್ಲಿ ಬೈದು ಕಳಿಸಿದ.

ಮಧ್ಯಾಹ್ನ ಕಚೇರಿಯ ಜವಾನನನ್ನು ಕಾರಿನ ಹಿಂದೆ ನಿಲ್ಲಿಸಿ ಬ್ರೇಕ್ ಒತ್ತಿ ನೋಡಿದರೆ ದೀಪ ಕೆಂಪಗೆ ಬೆಳಗುತ್ತಿದೆ. ಮಾರನೆಯ ಬೆಳಿಗ್ಗೆ ಮತ್ತೆ ಇಲ್ಲ. ಮಧ್ಯಾಹ್ನ ಇದೆ. ಸರ್ಕಾರಿ ಕಚೇರಿಯ ದೊಡ್ಡ ಅಧಿಕಾರಿಗಳಂತೆ, ಬಿಸಿಲೇರುವವರೆಗೆ ಅದು ಹಾಜರಾಗುವುದಿಲ್ಲ ಎಂಬುದು ಖಚಿತವಾಯಿತು.

ರೋಗಿಗಿಂತ ವೈದ್ಯರು ಹೆಚ್ಚಿರುವ ದೇಶ ನಮ್ಮದು. ಮಹಡಿಯ ಮನೆಯ ರಾಮಯ್ಯ, ಮಿಲಿಟರಿ ಲೆಕ್ಕಪತ್ರದ ಕಚೇರಿಯಿಂದ ನಿವೃತ್ತರಾದವರು, ಚಳಿಗೆ ಲೋಹ ಕುಗ್ಗುತ್ತದೆಂದೂ ಕುಗ್ಗಿದ ಲೋಹಕ್ಕೆ ಸ್ವಾಭಿಮಾನ ಇರುವುದಿಲ್ಲವೆಂದೂ ಅರ್ಧ ಗಂಟೆ ವಿವರಿಸಿದರು. ಮುನಿಆಂಜನಪ್ಪ ಬೇಲಿಯಾಚೆಯಿಂದ ಕೇಳಿಸಿಕೊಂಡು ಬೀಡಿ ಆರಿಸಿ ಬಂದ.

‘ನನ್ ಎಮ್ಮೇನೂ ಹಿಂಗೇಯ ಸಾಮಿ. ಚಳಿ ಇದ್ರೆ ಸೊರ ಬುಡಾಕಿಲ್ಲ, ಕೆಚ್ಚಲಿಗೆ ಹಾಲು ಇಳ್ಸಾಕಿಲ್ಲ. ಬೆನ್ ಸವರ್ಬೇಕು, ಬೆಚ್ಚಗೆ ಏನಾರ ಹೊದಿಸ್ಬೇಕು, ಆಮ್ಯಾಕೆ ಕೈ ಹಾಕ್ಬೇಕು. ಎಂಗಸು ಜಾತಿ ಅಲ್ವರಾ ಇದೂನೂವೆ?’

ಮಫ್ಲರ್ ಬಂದದ್ದು ಹೀಗೆ. ದೀಪ ಮಾತ್ರ ಸೊರ ಬಿಡಲಿಲ್ಲ.

ಇಷ್ಟೇ ಆಗಿದ್ದರೆ ವೆಂಕಟಾಚಲ ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುವ ತನಕ ಕಾದಿರುತ್ತಿದ್ದ. ಆದರೆ ಮಗಳು ಕೋಕಿಲಾಳಿಗೆ ಒಂದು ಸಂಬಂಧ ಕೂಡಿಬಂದಿತ್ತು. ಹಿಂದೆ ಬಂದ ಮೂರು ಗಂಡುಗಳ ಫೋಟೋಗಳನ್ನು ನೋಡಿ, ‘ಪಾಪ’ ಎಂದಷ್ಟೇ ಹೇಳಿ ಕೆಳಗಿಟ್ಟಿದ್ದ ಹುಡುಗಿ, ಈ ಸೀನನ ಫೋಟೋವನ್ನು ಕೆಳಗಿಡಲೇ ಇಲ್ಲ. ಅದು ಕನ್ನಡಿಯ ಹಿಂದೆ ಸೇರಿಕೊಂಡಿತು, ಕೋಕಿಲಾ ಹೆಚ್ಚೆಚ್ಚು ಹೊತ್ತು ತಲೆ ಬಾಚತೊಡಗಿದಳು. ಸೀನ ಕೆ.ಆರ್. ಪುರದಲ್ಲಿ ರೂಮು ಮಾಡಿಕೊಂಡು ಕಾರ್ಖಾನೆಯ ಕೆಲಸಕ್ಕೆ ಹೋಗುತ್ತಿದ್ದ. ತಂದೆತಾಯಿ ಇದ್ದದ್ದು ಕೋಲಾರದಲ್ಲಿ. ಈ ಸಂಬಂಧ ತಂದವರು ಮಹಡಿಯ ರಾಮಯ್ಯನವರೇ.

‘ಬೀಗರು ಭಾನುವಾರ ಬೆಳಗಿನ ರೈಲಿಗೆ ದಂಡಿನ ಸ್ಟೇಷನ್‌ನಲ್ಲಿ ಇಳೀತಾರೆ. ಒಂದು ಜಟಕಾ ಹೇಳಿಬಿಡಲಾ?’ ಎಂದು ರಾಮಯ್ಯ ಕೇಳಿದರು.

ವೆಂಕಟಾಚಲ ಕೀಲಿಕೈ ತಿರುಗಿಸಿದ. ತನ್ನ ಮನೆಗೆ ಬರುವ ಬೀಗರು ಜಟಕಾದಲ್ಲಿ ಬರುವುದೆಂದರೇನು, ಕಾರಿದೆ, ತಾನೇ ಹೋಗಿ ಕರೆತರುವೆ, ಹಾಗೆಂದು ಇವತ್ತೇ ತಿಳಿಸಿಬಿಡಿ ಎಂದ. ರಾಮಯ್ಯ ತಿಳಿಸಿಯೂಬಿಟ್ಟರು. ಎಲ್ಲ ಮುಗಿದ ಮೇಲೆ ವೆಂಕಟಾಚಲ, ಅಂದಹಾಗೆ ಹುಡುಗನ ತಂದೆಯವರು ಏನು ಕೆಲಸದಲ್ಲಿದ್ದಾರೆ ಎಂದು ವಿಚಾರಿಸಿದ.

‘ಅನಂತರಾಮು ಅಂತ. ಸಾರಿಗೆ ಇಲಾಖೇಲಿ ಬ್ರೇಕ್ ಇನ್‌ಸ್ಪೆಕ್ಟರು.’

ಕೀಲಿಕೈ ತಿರುಗುವುದು ನಿಂತಿತು. ಅನಂತರಾಮುರವರು ನಿಯಮದ ಮನುಷ್ಯರೆಂದು ರಾಮಯ್ಯ ಬಾಯ್ತುಂಬ ಹೊಗಳಿದರು. ಹುಡುಗಿಯ ತಂದೆಯ ಸೈಕಲ್ಲಿಗೆ ಗಂಟೆ ಇಲ್ಲವೆಂದು ಒಂದು ಸಂಬಂಧವನ್ನೂ, ಕರೆಯಲು ಬಂದ ಗಾಡಿಗೆ ಲಾಂದ್ರ ಇಲ್ಲವೆಂದು ಇನ್ನೊಂದನ್ನೂ ಬಿಟ್ಟು ಎದ್ದವರಂತೆ. ವಾಹನ ನೋಡಿದರೆ ಮನೆತನ ಗೊತ್ತಾಗುತ್ತದೆ ಎನ್ನುವುದು ಅವರ ಸಿದ್ಧಾಂತ. ಒಳಗೆ ಕನ್ನಡಿಯ ಮುಂದೆ ಬಾಚಣಿಗೆಯ ಸದ್ದೂ ನಿಂತಿತು.

ಇಲ್ಲಿ ವೆಂಕಟಾಚಲನ ಅತ್ತೆ ರಾಮಲಕ್ಷ್ಮಮ್ಮನವರ ವಿಷಯ ಹೇಳಬೇಕು. ಮಗಳು ಜಲಜಾಳ ಮನೆಯಲ್ಲೇ ಇದ್ದ ಈ ಹಿರಿಯರು ಅಳಿಯನ ಎದುರು ನಿಂತು ಮಾತಾಡುವವರಲ್ಲ. ಅಡುಗೆಮನೆಯ ಬಾಗಿಲ ಹಿಂದೆ ನಿಂತು ಬಾಗಿಲಿಗೆ ಹೇಳುತ್ತಿದ್ದರು, ಬಾಗಿಲು ಅಳಿಯನಿಗೆ ಹೇಳುತ್ತಿತ್ತು. ಅವರ ನಾಲಗೆಯಿಂದ ಅಶುಭದ ಮಾತು ಬಿದ್ದದ್ದನ್ನು ಕಂಡವರಿಲ್ಲ. ಬಳೆ ಒಡೆದರೆ ‘ಬಳೆ ಹೆಚ್ಚಿತು’ ಎನ್ನುವರು. ದೇವರ ಮುಂದಿನ ದೀಪ ಆರಿದರೆ ‘ದೀಪ ದೊಡ್ಡದಾಯಿತು’ ಎನ್ನುವರು. ಮದುವೆಯಾದ ಹೊಸದರಲ್ಲಿ ವೆಂಕಟಾಚಲನಿಗೆ ಬಾಗಿಲು ‘ಅಕ್ಕಿ ಹೆಚ್ಚಿದೆ’ ಎಂದಾಗ, ಹೆಚ್ಚಿದ ಮೇಲೆ ತರುವುದೇಕೆ ಎಂದು ಅವನು ಸುಮ್ಮನಾಗಿದ್ದ, ಮುಗಿದ ಅಕ್ಕಿ ಬಾರದೆ ಆ ರಾತ್ರಿ ಮನೆಮಂದಿಯೆಲ್ಲ ಅವಲಕ್ಕಿ ತಿಂದು ಮಲಗಿದ್ದರು. ಅದರಿಂದ ಬುದ್ಧಿ ಕಲಿತು ಅಕ್ಕಿ, ಬಳೆ, ದೇವರ ದೀಪಗಳ ಮಟ್ಟಿಗೆ ಅವನು ಪಂಡಿತನಾದ. ಮೋಟಾರಿಗೂ ಈ ವ್ಯಾಕರಣ ಅನ್ವಯಿಸುತ್ತದೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ವೆಂಕಟಾಚಲ ಹೇಳಿಕಳಿಸಿದ್ದ ಶಿವಾಜಿನಗರದ ಮೆಕ್ಯಾನಿಕ್ ಖುರ್ಷೀದ್ ಬಂದದ್ದು ಶುಕ್ರವಾರ ಮಧ್ಯಾಹ್ನ. ಮರದ ಕೆಳಗೆ ಅಂಗಡಿ ಇಟ್ಟವನಾದರೂ ಯುದ್ಧದಲ್ಲಿ ಟ್ಯಾಂಕು ನಿಂತರೆ ತನಗೇ ಕರೆ ಬರುತ್ತದೆಂದು ಹೇಳಿಕೊಳ್ಳುವ ಗಂಡು. ವೆಂಕಟಾಚಲ ಕಾರು ಬಿಟ್ಟು ಬಸ್ಸಿನಲ್ಲಿ ಕಚೇರಿಗೆ ಹೋಗಿದ್ದ. ಜಲಜಾ ಮಗಳನ್ನು ಕರೆದುಕೊಂಡು ರವಿಕೆ ಬಟ್ಟೆಗೆ ಹೋಗಿದ್ದಳು. ಮನೆಯಲ್ಲಿದ್ದವರು ರಾಮಲಕ್ಷ್ಮಮ್ಮ ಒಬ್ಬರೇ. ತಾನು ಒಳಗೆ ಕೂತು ಬ್ರೇಕಿನ ಸ್ವಿಚ್ಚಿನ ತಿರುಪು ತಿರುಗಿಸುವುದಾಗಿಯೂ, ಅಮ್ಮಾಜಿ ಹಿಂದೆ ನಿಂತು ದೀಪ ನೋಡಿ ಹೇಳಿದರೆ ಸಾಕೆಂದೂ ಖುರ್ಷೀದ್ ಕೇಳಿಕೊಂಡ. ಅವರು ಸೆರಗು ಹೊದ್ದು, ಕಾರಿನ ಹಿಂದೆ ದೇವರ ಮುಂದೆ ನಿಲ್ಲುವ ಹಾಗೆ ನಿಂತರು. ಆಯುಧಪೂಜೆಯಲ್ಲಿ ಆ ಕೆಂಪು ಗಾಜಿಗೆ ಕುಂಕುಮ ಇಟ್ಟವರು ಅವರೇ.

ಬಿಸಿಲು ಚೆನ್ನಾಗಿ ಏರಿತ್ತು. ಖುರ್ಷೀದ್ ಬ್ರೇಕ್ ಒತ್ತಿದೊಡನೆ ದೀಪ ಬಂತು.

‘ಇದೆಯಪ್ಪಾ’ ಅಂದರು ರಾಮಲಕ್ಷ್ಮಮ್ಮ.

‘ಹ್ಯಾಂಗೆ ಐತೆ ಅಮ್ಮಾಜಿ?’

‘ಲಕ್ಷಣವಾಗಿ ಕುಂಕುಮದ ಬೊಟ್ಟಿನ ಹಾಗಿದೆ.’

ಬೊಟ್ಟು ಎಂದದ್ದು ಖುರ್ಷೀದನ ಮಾನಕ್ಕೆ ತಾಗಿತು. ಟ್ಯಾಂಕು ಮುಟ್ಟಿದ ಕೈಯಿಂದ ಬೊಟ್ಟಿನಷ್ಟು ಬೆಳಕು ಬರುವುದೆಂದರೆ ಏನರ್ಥ. ಬ್ರೇಕ್ ಲೈಟು ದೊಡ್ಡದಾಗಿ ಬರಬೇಕು, ಬೆನ್ಸನ್ ಟೌನಿನಿಂದ ಕಾಣಬೇಕು ಎಂದು ಗೊಣಗುತ್ತ ಅವನು ತಿರುಪನ್ನು ಬಿಗಿಯಾಗಿ ತಿರುಗಿಸಿದ. ದೀಪ ಒಮ್ಮೆ ಮಿಣಕ್ ಎಂದು ಆರಿಹೋಯಿತು.

ರಾಮಲಕ್ಷ್ಮಮ್ಮನವರು ಗಲ್ಲ ಬಡಿದುಕೊಂಡರು. ಹೇಳಿಕೇಳಿ ಶುಕ್ರವಾರ. ಮನೆಯಲ್ಲಿ ಮದುವೆಯ ಮಾತು ನಡೆಯುತ್ತಿದೆ. ಎದುರಿಗೆ ಕುಂಕುಮದ ಬಣ್ಣದ ದೀಪ. ಬಾಯಿಗೆ ಬಂದದ್ದನ್ನು ನುಂಗಿ, ಮೆತ್ತಗೆ ಅಂದರು:

‘ದೊಡ್ಡದಾಯ್ತು ಕಣಪ್ಪಾ.’

‘ಪೂರಾ ದೊಡ್ಡದಾಯ್ತಾ?’

‘ಪೂರ್ತಿ. ಇನ್ನು ದೊಡ್ಡದಾಗೋಕೆ ಏನೂ ಉಳಿದಿಲ್ಲ.’

ಖುರ್ಷೀದ್ ಮೇಲಿನವನಿಗೆ ವಂದನೆ ಹೇಳಿದ. ಕೈ ಅಲುಗಿಸದೆ, ಉಸಿರು ಬಿಡದೆ, ತಿರುಪನ್ನು ಅದೇ ಜಾಗದಲ್ಲಿ ಹಿಡಿದು, ಬೆಸುಗೆ ಹಾಕಿ, ಮೇಲೆ ಅರಗು ಸುರಿದು ಮುದ್ರೆ ಒತ್ತಿದ. ಭೂಮಿ ನಡುಗಿದರೂ ಇನ್ನಿದು ಕದಲುವುದಿಲ್ಲ ಎಂದ. ಅದೊಂದು ಮಾತು ಮಾತ್ರ ನಿಜ. ಕೆಲಸ ಮುಗಿದ ಮೇಲೆ ದೀಪ ದೊಡ್ಡದು ಮಾಡಿ ಹೋಗುವುದು ಒಳ್ಳೆಯ ಮನೆತನದ ಲಕ್ಷಣ ಎಂದು ರಾಮಲಕ್ಷ್ಮಮ್ಮ ಅವನಿಗೆ ಎರಡು ಕೋಡುಬಳೆ ಕೊಟ್ಟು ಕಳಿಸಿದರು.

ಬಸ್‌ಸ್ಟಾಪಿನಲ್ಲಿ ಎದುರಾದ ವೆಂಕಟಾಚಲನಿಗೆ ಖುರ್ಷೀದ್, ದೀಪ ಈಗ ಹತ್ತು ಪಟ್ಟು ದೊಡ್ಡದು, ಸಾಕ್ಷಿಗೆ ನಿಮ್ಮ ಅತ್ತೆಯವರೇ ಇದ್ದಾರೆ ಎಂದ. ವೆಂಕಟಾಚಲ ಗುಮಾಸ್ತ. ಗುಮಾಸ್ತ ಎರಡನೆಯ ರುಜು ಇಲ್ಲದೆ ಏನನ್ನೂ ನಂಬುವುದಿಲ್ಲ. ಮನೆಗೆ ಬಂದವನೇ ಅಡುಗೆಮನೆಯ ಬಾಗಿಲಿನ ಕಡೆ ತಿರುಗಿ, ಕಾರಿನ ದೀಪ ದೊಡ್ಡದಾಯಿತಂತೆ, ಹೌದೇ ಎಂದು ಕೇಳಿದ. ಹೌದು, ಖುದ್ದಾಗಿ ಕಣ್ಣಾರೆ ಕಂಡೆ ಎಂದಿತು ಬಾಗಿಲು. ಅವನು ನೆಮ್ಮದಿಯಿಂದ ಕಾರಿಗೆ ಮಫ್ಲರ್ ಸುತ್ತಿದ. ದೊಡ್ಡದಾದ ದೀಪಕ್ಕೆ ದೃಷ್ಟಿಯಾಗದಿರಲಿ ಎಂದು ಇನ್ನೊಂದು ಸುತ್ತು ಹೆಚ್ಚಿಗೇ ಸುತ್ತಿದ.

ಭಾನುವಾರದ ಬೆಳಗು ಮೊಸರಿನಂತೆ ಗಟ್ಟಿಯಾದ ಮಂಜಿನಲ್ಲಿ ಹುಟ್ಟಿತು. ದಂಡಿನ ಸ್ಟೇಷನ್ನಿನಲ್ಲಿ ಅನಂತರಾಮು ರೈಲು ಇಳಿದರು, ಹಿಂದೆ ಅವರ ಹೆಂಡತಿ ಶಾಂತಕುಮಾರಿ. ಸೀನ ಆಗಲೇ ಸ್ಕೂಟರಿನಲ್ಲಿ ಬಂದು ಕಾದಿದ್ದ. ಅನಂತರಾಮು ನಮಸ್ಕಾರವನ್ನು ಅರ್ಧಕ್ಕೇ ಬಿಟ್ಟು ಕಾರನ್ನು ಒಂದು ಸುತ್ತು ಬಂದರು, ಚಕ್ರಕ್ಕೆ ಒದ್ದರು, ಬಾನೆಟ್ಟಿಗೆ ಗುದ್ದಿದರು, ಹಾರ್ನ್ ಮಾಡಿಸಿ ಕೇಳಿದರು. ವಧುವನ್ನು ನೋಡುವ ಶಾಸ್ತ್ರ ಅಲ್ಲಿಂದಲೇ ಶುರುವಾಯಿತೆಂದು ಹೇಳಬೇಕು. ಹೆಡ್‌ಲೈಟು ಮಂಕು, ಉಳಿದದ್ದು ಪರವಾಗಿಲ್ಲ ಎಂದರು. ವೆಂಕಟಾಚಲ ವಿನಯದಿಂದ, ನಮ್ಮದು ಹಿಂದಿನ ದೀಪ ಬಹಳ ದೊಡ್ಡದು ಸಾರ್ ಎಂದ.

ಅದನ್ನು ಮನೆ ಮುಟ್ಟಿದ ಮೇಲೆ ನೋಡೋಣ ಎಂದು ಅನಂತರಾಮು ಮುಂದೆ ಕೂತರು. ವೆಂಕಟಾಚಲ ಬ್ರೇಕ್ ಒತ್ತಿದಾಗಲೆಲ್ಲ ಅವರ ಬಲಗಾಲೂ ನೆಲವನ್ನು ಒತ್ತುತ್ತಿತ್ತು. ಹಣ್ಣಿನ ಬುಟ್ಟಿಯನ್ನು ಕಾಲಿನ ಹತ್ತಿರ ಇಟ್ಟುಕೊಂಡು ಸೀನ ಸ್ಕೂಟರಿನಲ್ಲಿ ಹಿಂಬಾಲಿಸಿದ. ದಾರಿಯುದ್ದಕ್ಕೂ ಏನೂ ಆಗಲಿಲ್ಲ. ಆಗುವುದೆಲ್ಲ ಮನೆಯ ಬಾಗಿಲಿನಲ್ಲೇ ಆಗುತ್ತದೆ ಎಂಬುದು ಅನುಭವಸ್ಥರ ಮಾತು.

ವಠಾರದ ಮುಂದೆ ಬೀದಿಗೆ ಬೀದಿಯೇ ನೆರೆದಿತ್ತು. ಸರಿಯಾಗಿ ಆ ಹೊತ್ತಿಗೆ ಮುನಿಆಂಜನಪ್ಪ ಎಮ್ಮೆಗಳನ್ನು ಬಿಟ್ಟ. ಎಮ್ಮೆಯೊಂದು ಕಾರಿನ ಎದುರಿಗೆ ಬಂದು, ತೆರಿಗೆ ಕಟ್ಟಿದ ನಾಗರಿಕನಂತೆ ನಿಂತುಬಿಟ್ಟಿತು. ವೆಂಕಟಾಚಲ ಬ್ರೇಕ್ ಒತ್ತಿದ. ಕಾರು ನಿಂತಿತು. ಕಾರು ನಿಂತದ್ದು ಮಂಜಿನಲ್ಲಿ ಎಲ್ಲರಿಗೂ ಗೊತ್ತಾಯಿತು, ಹಿಂದಿದ್ದ ಸೀನನಿಗೆ ಬಿಟ್ಟು.

ಧಡ್ ಎಂದು ಸದ್ದಾಯಿತು. ಕಿತ್ತಳೆ ಹಣ್ಣುಗಳು ಬೀದಿಯ ಇಳಿಜಾರು ಹಿಡಿದು ಹೊರಟವು. ಎಮ್ಮೆ ಬಾಳೆಹಣ್ಣಿನ ಚಿಪ್ಪಿಗೆ ಬಾಯಿ ಹಾಕಿತು. ಸೀನನಿಗೆ ಪ್ಯಾಂಟಿನ ಮೊಣಕಾಲು ಹರಿದದ್ದು ಬಿಟ್ಟರೆ ಏನೂ ಆಗಲಿಲ್ಲ, ಆದರೆ ಅವನು ಬೀದಿಯ ನಡುವೆ ಕಾಲು ಚಾಚಿ ಕೂತಿದ್ದ. ತಲೆ ತಗ್ಗಿಸಿ ಕಾಫಿ ತಟ್ಟೆ ಹಿಡಿದು ಬರಬೇಕಾಗಿದ್ದ ಕೋಕಿಲಾ ತಟ್ಟೆಯನ್ನು ಅಲ್ಲೇ ಇಟ್ಟು ಓಡಿಬಂದಳು. ಹುಡುಗನಿಗೆ ಪೆಟ್ಟಾಗಿಲ್ಲವೆಂದು ಗೊತ್ತಾದೊಡನೆ ಅವಳಿಗೆ ನಗು ಬಂತು. ಅವಳು ನಕ್ಕದ್ದು ನೋಡಿ ಅವನೂ ನಕ್ಕ. ಹತ್ತಿರ ಇದ್ದ ಒಂದು ಕಿತ್ತಳೆಯನ್ನು ಎತ್ತಿ ಅವಳ ಕೈಗೆ ಕೊಟ್ಟ.

ಇದನ್ನು ನೋಡಲು ವೆಂಕಟಾಚಲನಿಗೆ ಪುರುಸೊತ್ತಿರಲಿಲ್ಲ. ಕಾರಿನ ಬಾಗಿಲು ತೆರೆದು ಬೀಗರು ಇಳಿಯಲಿಲ್ಲ. ಬ್ರೇಕ್ ಇನ್‌ಸ್ಪೆಕ್ಟರು ಇಳಿದರು. ಮಗನ ಕಡೆ ಒಂದು ಸಲ ನೋಡಿ, ಜೀವ ಇದೆಯೆಂದು ಖಾತ್ರಿ ಮಾಡಿಕೊಂಡು, ನೇರವಾಗಿ ಕಾರಿನ ಹಿಂದೆ ಹೋಗಿ ಬಗ್ಗಿದರು.

‘ಬ್ರೇಕ್ ಒತ್ರಿ.’

‘ಒತ್ತಿದೀನಿ ಸಾರ್.’

‘ಒತ್ರೀ ಅಂದೆ.’

‘ಒತ್ತೇ ಇದೀನಿ ಸಾರ್, ಇನ್ನು ಒತ್ತಿದ್ರೆ ಕಾಲು ನೆಲಕ್ಕೆ ಬರತ್ತೆ.’

ಬ್ರೇಕ್ ಲೈಟು ಇಲ್ಲದ ವಾಹನದಲ್ಲಿ ಇಲಾಖೆಯವರನ್ನೇ ಕೂರಿಸಿಕೊಂಡು ಊರೆಲ್ಲ ಸುತ್ತಿಸಿದ್ದೀರಿ, ನನ್ನ ಸರ್ವೀಸಿನಲ್ಲೇ ಇಂಥ ಧೈರ್ಯ ಕಂಡಿಲ್ಲ ಎಂದರು ಅನಂತರಾಮು. ರಾಮಯ್ಯ ಮಧ್ಯೆ ಬಂದು ಕುಗ್ಗಿದ ಲೋಹದ ವಿಷಯ ತೆಗೆದರು. ಮುನಿಆಂಜನಪ್ಪ ತನ್ನ ಎಮ್ಮೆಯ ದೃಷ್ಟಾಂತ ಕೊಟ್ಟ. ಅನಂತರಾಮು ಇಬ್ಬರನ್ನೂ ಲೈಸೆನ್ಸ್ ಕೇಳುವ ಕಣ್ಣಿನಿಂದ ನೋಡಿದರು. ಸಂಬಂಧ ಕೈಬಿಟ್ಟುಹೋಗುತ್ತಿದೆಯೆಂದು ವೆಂಕಟಾಚಲನಿಗೂ ಗೊತ್ತಾಯಿತು. ಕೋಕಿಲಾಳ ನಗು ಇಳಿದು, ಕಿತ್ತಳೆ ಹಣ್ಣು ಅವಳ ಮುಷ್ಟಿಯಲ್ಲಿ ಬಿಗಿಯಾಯಿತು.

ವೆಂಕಟಾಚಲ ಕಾರಿನಿಂದಿಳಿದು ಕೈಮುಗಿದ. ದೀಪ ಮೊನ್ನೆ ತಾನೇ ರಿಪೇರಿಯಾಗಿದೆ, ಹತ್ತು ಪಟ್ಟು ದೊಡ್ಡದಾಗಿದೆ, ಸುಳ್ಳಾದರೆ ನಮ್ಮ ಅತ್ತೆಯವರನ್ನು ಕೇಳಿ ಎಂದ. ರಾಮಲಕ್ಷ್ಮಮ್ಮನವರು ಬಾಗಿಲನ್ನು ಬಿಟ್ಟು ಬೀದಿಗೆ ಬರಬೇಕಾಯಿತು. ಬಂದು, ಸೆರಗು ಸರಿಪಡಿಸಿಕೊಂಡು, ಕತ್ತಲುಗಟ್ಟಿದ ಆ ಗಾಜನ್ನು ಭಕ್ತಿಯಿಂದ ನೋಡಿದರು.

‘ನಾನು ಸುಳ್ಳು ಹೇಳೋಳಲ್ಲ. ಆವತ್ತು ಶುಕ್ರವಾರ ದೊಡ್ಡದಾಗಿದ್ದು ಈಗಲೂ ದೊಡ್ಡದಾಗೇ ಇದೆ. ಆ ಹುಡುಗ ಅರಗು ಹಾಕಿ ಮುದ್ರೆ ಒತ್ತಿ ದೊಡ್ಡದು ಮಾಡಿದಾನೆ.’

ಎಮ್ಮೆ ಇನ್ನೊಂದು ಬಾಳೆಹಣ್ಣು ಅಗಿಯಿತು. ಆಗ, ಸ್ಟೇಷನ್ನಿನಿಂದ ಒಂದು ಮಾತೂ ಆಡದೆ ಕೂತು ಬಂದಿದ್ದ ಶಾಂತಕುಮಾರಿಯವರು ನಗತೊಡಗಿದರು. ನಕ್ಕು ನಕ್ಕು ಕಾರನ್ನು ಹಿಡಿದುಕೊಂಡರು.

‘ರೀ, ಗೊತ್ತಾಗಲಿಲ್ವಾ ನಿಮಗೆ? ನಮ್ಮತ್ತೆ ಹೋದಮೇಲೆ ಈ ಮಾತು ನನ್ನ ಕಿವಿಗೆ ಬಿದ್ದೇ ಇರ್ಲಿಲ್ಲ ಕಣ್ರೀ. ಅಮ್ಮಾ, ಆ ಮೆಕ್ಯಾನಿಕ್ಕಿಗೂ ಹೀಗೇ ಹೇಳಿದ್ರಾ?’

‘ಮತ್ತೆ? ಮದುವೆ ಮಾತಿರೋ ಮನೇಲಿ, ಶುಕ್ರವಾರ ಹೊತ್ತು, ದೀಪಾನ ಇನ್ನೇನು ಅನ್ನಬೇಕಿತ್ತಮ್ಮಾ?’

ಅಕ್ಕಿ, ಬಳೆ, ದೇವರ ದೀಪ ಎಲ್ಲ ಒಂದರ ಹಿಂದೊಂದು ವೆಂಕಟಾಚಲನ ತಲೆಯೊಳಗೆ ಮೆರವಣಿಗೆ ಹೋದವು. ಅನಂತರಾಮುರವರ ಮುಖದಲ್ಲಿ ಇಲಾಖೆಗೂ ಅವರ ತೀರಿಹೋದ ತಾಯಿಗೂ ಸ್ವಲ್ಪ ಹೊತ್ತು ಜಟಾಪಟಿ ನಡೆಯಿತು. ತಾಯಿ ಗೆದ್ದರು. ಆದರೂ ಇಲಾಖೆ ಪೂರ್ತಿ ಸೋಲಲಿಲ್ಲ.

‘ಸರಿ. ಈ ದೀಪ ಚಿಕ್ಕದಾಗೋವರೆಗೂ ಈ ಕಾರು ಇಲ್ಲಿಂದ ಕದಲಕೂಡದು. ಆ ಮೆಕ್ಯಾನಿಕ್ಕನ್ನ ಕರೆಸಿ ಚಿಕ್ಕದು ಮಾಡ್ಸಿ. ನಾನು ನೋಡಿ ಪಾಸು ಮಾಡಿದ ಮೇಲೇನೇ ಇಲ್ಲಿಂದ ಏಳೋದು.’

ಕಾಫಿ ಕುಡಿದು ಹುಡುಗಿ ನೋಡಿ ಮುಂದಿನ ರೈಲಿಗೆ ಹೊರಡಬೇಕಾಗಿದ್ದ ಬೀಗರು ಹೀಗೆ ಕಾನೂನಿನ ಪ್ರಕಾರ ಊಟಕ್ಕೆ ಉಳಿದರು. ಸೀನನ ಪ್ಯಾಂಟಿಗೆ ಹೊಲಿಗೆ ಹಾಕುವ ಭಾರ ಕೋಕಿಲಾಳ ಮೇಲೆ ಬಿತ್ತು. ಅವನು ವೆಂಕಟಾಚಲನ ಪಂಚೆ ಉಟ್ಟುಕೊಂಡು ಎದುರಿಗೆ ಕೂತ. ಒಂದು ಬೆರಳುದ್ದದ ಹರಕಿಗೆ ಅಷ್ಟು ಹೊತ್ತು ಹೊಲಿಗೆ ಹಾಕಿದ್ದನ್ನು ಆ ಬೀದಿಯಲ್ಲಿ ಯಾರೂ ಕಂಡಿರಲಿಲ್ಲ. ಆಮೇಲೆ ಅವನೇ ಸ್ಕೂಟರಿನಲ್ಲಿ ಶಿವಾಜಿನಗರಕ್ಕೆ ಹೋಗಿ ಖುರ್ಷೀದನನ್ನು ಹಿಂದೆ ಕೂರಿಸಿಕೊಂಡು ಬಂದ.

ದೀಪವನ್ನು ಚಿಕ್ಕದು ಮಾಡಬೇಕೆಂದು ಕೇಳಿ ಖುರ್ಷೀದ್ ಕೆರಳಿದ. ದೊಡ್ಡದು ಮಾಡಲು ತಾನು ಪಟ್ಟ ಪಾಡೆಷ್ಟು, ಹಾಕಿದ ಬೆಸುಗೆಯೆಷ್ಟು, ಸುರಿದ ಅರಗೆಷ್ಟು. ದೊಡ್ಡ ಕೆಲಸ ಮಾಡಿದವನ ಬೆಲೆ ಈ ದೇಶಕ್ಕೆ ಗೊತ್ತಿಲ್ಲ ಎಂದ. ಅನಂತರಾಮು ಕೆಮ್ಮಿದರು. ಖುರ್ಷೀದ್ ಒಳಗೆ ತೂರಿ, ಅರಗು ಒಡೆದು, ಬೆಸುಗೆ ಕೆರೆದು, ತಿರುಪನ್ನು ಸಡಿಲಿಸಿದ. ಚಳಿಗೆ ಗಟ್ಟಿಯಾಗಿ ಮೇಣದಂತೆ ಕೂತಿದ್ದ ಹಳೇ ಗ್ರೀಸು ಸ್ವಿಚ್ಚಿನೊಳಗಿನಿಂದ ಉಂಡೆಯಾಗಿ ಹೊರಬಿತ್ತು. ಅದನ್ನು ಅವನು ಯಾರಿಗೂ ಕಾಣದಂತೆ ಒರೆಸಿ ಎಸೆದ, ಇಷ್ಟು ದಿನದ ಕಾಯಿಲೆ ಅದೇ ಎಂದು ಯಾರಿಗೂ ಹೇಳಲೂ ಇಲ್ಲ. ರಾಮಲಕ್ಷ್ಮಮ್ಮ ಹಿಂದೆ ನಿಂತಿದ್ದರು, ಅವರ ಪಕ್ಕದಲ್ಲಿ ಶಾಂತಕುಮಾರಿ.

‘ಇದೆಯಪ್ಪಾ’ ಎಂದರು ಇಬ್ಬರೂ ಒಟ್ಟಿಗೆ.

ಕುಂಕುಮದ ಬೊಟ್ಟಿನಷ್ಟು ದೀಪ. ಅನಂತರಾಮು ಬಗ್ಗಿ ನೋಡಿದರು, ಎದ್ದು ನಿಂತು ನೋಡಿದರು, ಪಾಸು ಎಂದರು. ಯಾವುದು ಪಾಸು ಎಂದು ವೆಂಕಟಾಚಲ ಹೆದರುತ್ತ ಕೇಳಿದ. ಎರಡೂ ಎಂದರು ಅವರು, ಒಳಗೆ ಜಲಜಾ ಒಲೆಯ ಮೇಲೆ ಪಾಯಸಕ್ಕಿಟ್ಟಳು. ಖುರ್ಷೀದ್ ಮಾತ್ರ ಸಾಮಾನು ಕಟ್ಟಿಕೊಳ್ಳುತ್ತ, ಮನೆಯವರಿಗೆ ದೊಡ್ಡದು ಬೇಕು, ಸರ್ಕಾರಕ್ಕೆ ಚಿಕ್ಕದು ಬೇಕು, ನಡುವೆ ಸಾಯುವವನು ಮೆಕ್ಯಾನಿಕ್ಕು ಎಂದು ಎಮ್ಮೆಗೆ ಹೇಳಿ ಹೋದ.

ಸಂಜೆ ಬೀಗರು ‘ಬರ್ತೀವಿ’ ಎಂದು ಹೊರಟರು. ವೆಂಕಟಾಚಲ ಅವರನ್ನು ಸ್ಟೇಷನ್ನಿಗೆ ಬಿಟ್ಟು, ಬೇಕಿಲ್ಲದ ಕಡೆಯೆಲ್ಲ ಬ್ರೇಕ್ ಒತ್ತುತ್ತ, ಹಿಂದಿನವರಿಗೆಲ್ಲ ತನ್ನ ಬೊಟ್ಟು ತೋರಿಸುತ್ತ ಮನೆಗೆ ಬಂದ. ಕಾರಿಗೆ ಮಫ್ಲರ್ ಸುತ್ತಲು ಬಗ್ಗಿದಾಗ ಅಡುಗೆಮನೆಯ ಬಾಗಿಲು ಮಾತಾಡಿತು.

‘ಇಷ್ಟು ಜನ ಉಂಡು ಹೋದರು, ಸಂತೋಷ. ಮನೇಲಿ ಅಕ್ಕಿ ಹೆಚ್ಚಿದೆ.’

ವೆಂಕಟಾಚಲ ಮಫ್ಲರನ್ನು ತನ್ನ ಕೊರಳಿಗೇ ಸುತ್ತಿಕೊಂಡ. ಕೀಲಿಕೈ ಮೊಳೆಗೆ ಸಿಕ್ಕಿಸಿ, ಚೀಲ ಹಿಡಿದು, ಅಂಗಡಿ ಬೀದಿಯ ಕಡೆ ನಡೆದುಕೊಂಡೇ ಹೋದ.